ವೇದಿಕೆಯಿಲ್ಲದ ಕೂಟ

ನಮ್ಮ ಊರುಗಳಲ್ಲಿ ಹಂಚುವ ಯಾವುದಾದರೂ ಸಾಹಿತ್ಯ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು, ಒಂದು ಕವಿತೆಯನ್ನು ಓದುವಷ್ಟೇ ಗಮನವಿಟ್ಟು ಓದಿ ನೋಡಿ. ಉದ್ಘಾಟನೆ ಒಬ್ಬರಿಂದ, ಅಧ್ಯಕ್ಷತೆ ಇನ್ನೊಬ್ಬರದು, ಪುಸ್ತಕ ಬಿಡುಗಡೆ ಮೂರನೆಯವರದು. ಅದರ ಕೆಳಗೆ ಮುಖ್ಯ ಅತಿಥಿಗಳ ಹೆಸರು, ಹೆಸರಿಗಿಂತ ಉದ್ದವಾದ ಹುದ್ದೆ. ಗೌರವ ಉಪಸ್ಥಿತಿ, ಪ್ರಾಸ್ತಾವಿಕ ನುಡಿ, ಸ್ವಾಗತ, ನಿರೂಪಣೆ, ವಂದನಾರ್ಪಣೆ. ಇಷ್ಟೆಲ್ಲದರ ನಡುವೆ 'ಕೃತಿ ಪರಿಚಯ' ಎಂಬ ಒಂದು ಸಾಲು. ಓದುಗರು ಕಾಣಿಸಿಕೊಳ್ಳುವುದು ಕಟ್ಟಕಡೆಯಲ್ಲಿ, 'ತಮಗೆ ಆದರದ ಸ್ವಾಗತ' ಎಂಬ ಮಾತಿನಲ್ಲಿ. ಅವರಿಗೆ ಹೆಸರಿಲ್ಲ, ಮಾತಿಲ್ಲ, ಒಂದು ಕುರ್ಚಿ ಮಾತ್ರ ಇದೆ. ಆ ಕುರ್ಚಿಯೂ ವೇದಿಕೆಗೆ ಮುಖ ಮಾಡಿದೆಯೇ ಹೊರತು ಪಕ್ಕದವರಿಗಲ್ಲ.

ಇದು ಬರೀ ಶಿಷ್ಟಾಚಾರದ ವಿಷಯವಲ್ಲ. ಒಂದು ಸಮಾಜ ತನ್ನ ಪುಸ್ತಕಗಳ ಸುತ್ತ ಹೇಗೆ ಕೂರುತ್ತದೆ ಎಂಬುದನ್ನು ನೋಡಿದರೆ, ಅದು ಪುಸ್ತಕದಿಂದ ಏನು ಬಯಸುತ್ತದೆ ಎಂಬುದು ತಿಳಿಯುತ್ತದೆ. ನಾವು ಪುಸ್ತಕದಿಂದ ಹೆಚ್ಚಾಗಿ ಬಯಸಿರುವುದು ಗೌರವವನ್ನು. ಹಾರ, ಶಾಲು, ಫಲತಾಂಬೂಲ, ನೆನಪಿನ ಕಾಣಿಕೆ ಎಲ್ಲವೂ ಅದರ ಗುರುತುಗಳು. ಗೌರವ ಕೆಟ್ಟದ್ದಲ್ಲ. ಆದರೆ ಗೌರವಿಸಿದ್ದಾಯಿತು ಎಂಬ ಸಮಾಧಾನದಲ್ಲಿ ಓದುವುದನ್ನು ಮುಂದಕ್ಕೆ ಹಾಕುವ ಅಭ್ಯಾಸ ನಮಗೆ ಚೆನ್ನಾಗಿಯೇ ಅಂಟಿಕೊಂಡಿದೆ. ಕತೆ ಬರೆಯುವವನಾಗಿ ನಾನು ಕಂಡ ಒಂದು ಬಿಡುಗಡೆಯಲ್ಲಿ, ಕೃತಿ ಪರಿಚಯಿಸಲು ನಿಂತವರು ಮುನ್ನುಡಿಯನ್ನು ದಾಟಿ ಮುಂದೆ ಹೋಗಿರಲಿಲ್ಲ. ಅವರ ಮಾತಿಗೆ ಬಿದ್ದ ಚಪ್ಪಾಳೆಗೆ ಮಾತ್ರ ಏನೂ ಕೊರತೆಯಾಗಲಿಲ್ಲ. ಸಭೆಗೆ ಅದು ಗೊತ್ತಾಗಲಿಲ್ಲ, ಏಕೆಂದರೆ ಸಭೆಯೂ ಪುಸ್ತಕವನ್ನು ಓದಿರಲಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳ ಪುಸ್ತಕ ಅದು. ಕನ್ನಡಕ್ಕೆ ಈ ಪ್ರಶಸ್ತಿ ಬಂದಿದ್ದು ಮೊದಲ ಸಲ, ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದಿದ್ದೂ ಮೊದಲ ಸಲ. ಅದೇ ವರ್ಷ ಅವರು ಮೈಸೂರು ದಸರಾವನ್ನು ಉದ್ಘಾಟಿಸಿದರು. ಬಳ್ಳಾರಿಯ 88ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿಯೂ ಆಯ್ಕೆಯಾದರು. ಪರವಾಗಿಯೂ ವಿರೋಧವಾಗಿಯೂ ತಿಂಗಳುಗಟ್ಟಲೆ ಮಾತು ನಡೆಯಿತು. ಆದರೆ ಆ ಮಾತಿನಲ್ಲಿ ಕತೆಗಳ ಪಾಲೆಷ್ಟು? ಲೇಖಕಿ ಯಾರು, ಅವರ ಧರ್ಮ ಯಾವುದು, ಅವರನ್ನು ಕರೆದದ್ದು ಸರಿಯೇ ತಪ್ಪೇ ಎಂಬ ಮಾತಿನ ಗದ್ದಲದಲ್ಲಿ, ಹತ್ತು ಜನ ಒಂದೆಡೆ ಕೂತು ಅವರ ಒಂದೇ ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಚರ್ಚಿಸಿದ ಊರುಗಳೆಷ್ಟು?

ಉದಾಹರಣೆಗೆ 'ಕರಿ ನಾಗರಗಳು' ಕತೆಯನ್ನೇ ತೆಗೆದುಕೊಳ್ಳಿ. ಗಿರೀಶ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರಕ್ಕೆ ಆಧಾರವಾದ ಕತೆ ಇದು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಇಂಥ ಕತೆಯ ಬಗ್ಗೆ ವೇದಿಕೆಯ ಮೇಲೆ ನಿಂತು ಮಾತಾಡುವವರಿಗೆ ಎರಡೇ ದಾರಿ. ಒಂದೋ 'ಎಂಥ ಧೈರ್ಯದ ಬರವಣಿಗೆ' ಎಂದು ಹೊಗಳುವುದು, ಇಲ್ಲವೇ 'ನಮ್ಮ ಮನೆಯ ಮಾತನ್ನು ಬೀದಿಗೆ ತಂದರು' ಎಂದು ಮುನಿಯುವುದು. ಎರಡೂ ಸಭೆಯಲ್ಲಿರುವ ಬೇರೆ ಯಾರನ್ನೋ ಉದ್ದೇಶಿಸಿ ಆಡುವ ಮಾತುಗಳು. ಆ ಹೆಣ್ಣು ಯಾಕೆ ಅಲ್ಲಿಗೇ ಹೋದಳು, ಬೇರೆಲ್ಲಿಗೆ ಹೋಗಬಹುದಿತ್ತು, ಮೊಹಲ್ಲಾದ ಉಳಿದ ಹೆಂಗಸರು ಏನು ಮಾಡಿದರು, ನಮ್ಮ ಬೀದಿಯಲ್ಲಿ ಹೀಗಾದರೆ ನಾವೇನು ಮಾಡುತ್ತೇವೆ ಎಂಬ ಪ್ರಶ್ನೆಗಳನ್ನು ಮೈಕಿನ ಮುಂದೆ ಕೇಳಲಾಗುವುದಿಲ್ಲ. ಅದಕ್ಕೆ ಪರಸ್ಪರ ಮುಖ ಕಾಣುವಂತೆ ಕೂತ ಹತ್ತು ಹನ್ನೆರಡು ಜನ ಬೇಕು. ಅಂಥ ಕೂಟವನ್ನು ಹೇಗೆ ಏರ್ಪಡಿಸಬೇಕು ಎಂಬುದೇ ಈ ಲೇಖನದ ವಿಷಯ.

ಸಣ್ಣ ಕೋಣೆಗಳ ಚರಿತ್ರೆ

ದೊಡ್ಡ ಸಾಹಿತ್ಯಕ್ಕೆ ದೊಡ್ಡ ಸಭಾಂಗಣವೇ ಬೇಕೆಂದೇನಿಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಹೆಸರೇ ಹೇಳುವಂತೆ ಗೆಳೆಯರದಾಗಿತ್ತು. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ 'ಅಟ್ಟ' ಒಂದು ಪ್ರಕಾಶನದ ಕಚೇರಿ ಮಾತ್ರ ಆಗಿರಲಿಲ್ಲ. ಜಿ.ಬಿ. ಜೋಶಿ ಮತ್ತು ಕೀರ್ತಿನಾಥ ಕುರ್ತಕೋಟಿಯವರಂಥವರು ಅಲ್ಲಿ ಕೂತು ಆಡಿದ ಮಾತುಗಳು ಕನ್ನಡದ ಎಷ್ಟೋ ಕಾದಂಬರಿ, ನಾಟಕಗಳ ಹಿಂದಿವೆ.

ಉರ್ದುವಿನಲ್ಲೂ ಇದೇ ಕತೆ. ಉರ್ದು ಎಂದರೆ ನಮಗೆ ನೆನಪಾಗುವುದು ಮುಶಾಯಿರಾ. ರಾತ್ರಿಯಿಡೀ ನಡೆಯುವ, 'ಮುಕರ್ರರ್' ಎಂದು ಕೂಗುವ ಕೇಳುಗರಿಲ್ಲದೆ ನಡೆಯದ ಸಭೆ ಅದು. ಆದರೆ ಉರ್ದು ಗದ್ಯವನ್ನೂ ಹೊಸ ಕವಿತೆಯನ್ನೂ ತಿದ್ದಿ ಬೆಳೆಸಿದ್ದು ಮುಶಾಯಿರಾ ಅಲ್ಲ, ಚಿಕ್ಕ ಕೋಣೆಯ 'ನಶಿಸ್ತ್'ಗಳು. ಲಾಹೋರಿನಲ್ಲಿ 1939ರಲ್ಲಿ ಹುಟ್ಟಿದ 'ಹಲ್ಕಾ ಅರ್ಬಾಬೆ ಝೌಕ್' ಒಂದು ಕಟ್ಟುನಿಟ್ಟಿನ ಪದ್ಧತಿಯನ್ನು ಪಾಲಿಸಿತು. ಮೊದಲು ಹಿಂದಿನ ಸಭೆಯ ವರದಿ ಓದಬೇಕು. ನಂತರ ಲೇಖಕ ತನ್ನ ಕತೆಯನ್ನೋ ಕವಿತೆಯನ್ನೋ ಓದುತ್ತಾನೆ. ಆಮೇಲೆ ಉಳಿದವರು ಅದನ್ನು ಬಿಡಿಸಿ ನೋಡುವಾಗ ಆತ ಬಾಯಿಬಿಡದೆ ಕೂತಿರಬೇಕು. ಅದೇ ಕಾಲದಲ್ಲಿ, 1940ರ ದಶಕದ ಮುಂಬಯಿಯಲ್ಲಿ, ಪ್ರಗತಿಶೀಲ ಲೇಖಕರು ವಾರವಾರ ಕೂಡುತ್ತಿದ್ದರು. ಸಜ್ಜಾದ್ ಝಹೀರ್, ಕೃಷನ್ ಚಂದರ್, ಅಲಿ ಸರ್ದಾರ್ ಜಾಫ್ರಿ, ಕೈಫಿ ಆಝ್ಮಿ ಮುಂತಾದವರ ಆ ಕೂಟಗಳ ಕಾರ್ಯದರ್ಶಿಯಾಗಿದ್ದ ಹಮೀದ್ ಅಖ್ತರ್ ಬರೆದಿಟ್ಟ ವರದಿಗಳು ಮುಂದೆ 'ರೂದಾದೆ ಅಂಜುಮನ್' ಎಂಬ ಪುಸ್ತಕವಾದವು. ಯಾರೋ ಒಬ್ಬರು ಮೂಲೆಯಲ್ಲಿ ಕೂತು ಗುರುತು ಹಾಕಿಕೊಂಡಿದ್ದರಿಂದಲೇ ಆ ಜಗಳಗಳು ಇಂದಿಗೂ ನಮಗೆ ಸಿಗುತ್ತವೆ.

ಕೋಣೆ ಸಿಗದೆ ಹೋದಾಗಲೂ ಸಾಹಿತ್ಯ ಹುಟ್ಟಿದೆ. ಧರ್ಮಸ್ಥಳದ ಸಮ್ಮೇಳನದ ಸಂದರ್ಭದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಪರಿಷತ್ತು ಒಪ್ಪಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಳ್ಳಲು ಆ ನಿರಾಕರಣೆ ಕಾರಣವಾಯಿತು. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಮ್ ಬರಹಗಾರರನ್ನು ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಬಂದಾಗ, ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ನಡೆಯಿತು. ಅದು ನಡೆಯಬೇಕಾಗಿತ್ತು. ವೇದಿಕೆಯಲ್ಲಿ ಯಾರಿಗೆ ಜಾಗವಿದೆ, ಯಾರಿಗಿಲ್ಲ ಎಂಬುದು ಮರ್ಯಾದೆಯ ಪ್ರಶ್ನೆ. ಕೆ.ಎಸ್. ನಿಸಾರ್ ಅಹಮದ್ ಅವರು 2006ರಲ್ಲಿ ಶಿವಮೊಗ್ಗದ ಸಮ್ಮೇಳನದ ಅಧ್ಯಕ್ಷರಾದಾಗ ನಮ್ಮಲ್ಲಿ ಅನೇಕರಿಗೆ ಆದ ಸಂತೋಷವನ್ನು ಅಲ್ಲಗಳೆಯಲಾಗದು. ಆದರೆ ವೇದಿಕೆಯಲ್ಲಿ ಪಾಲು ಸಿಕ್ಕ ಮಾತ್ರಕ್ಕೆ ಓದು ಸಿಕ್ಕಿತೆಂದು ಅರ್ಥವಲ್ಲ. ಅದು ಬೇರೆಯೇ ಕೆಲಸ, ಅದನ್ನು ಯಾವ ಪರಿಷತ್ತೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಮೇಲೆ ಹೇಳಿದ ಕೂಟಗಳಿಗೆ ಎರಡು ಮಿತಿಗಳಿದ್ದವು. ಅವೆಲ್ಲ ಬಹುಮಟ್ಟಿಗೆ ಬರೆಯುವವರ ಕೂಟಗಳು, ಮತ್ತು ಬಹುಮಟ್ಟಿಗೆ ಗಂಡಸರ ಕೂಟಗಳು. ಬರೀ ಓದುವವರು ಅಲ್ಲಿಗೆ ಹೋದರೆ ಕೇಳುಗರಾಗಿಯೇ ಉಳಿಯುತ್ತಿದ್ದರು. ಓದುಗರ ಕೂಟ ಇದಕ್ಕಿಂತ ಭಿನ್ನವಾದದ್ದು. ಅಲ್ಲಿಗೆ ಬರುವವರು ತಾವೇನೂ ಬರೆದಿಲ್ಲ ಎಂದು ಸಂಕೋಚಪಡಬೇಕಾಗಿಲ್ಲ.

ಇತ್ತೀಚೆಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹೊಸದೊಂದು ಪ್ರಯೋಗ ಜನಪ್ರಿಯವಾಗಿದೆ. 2023ರ ಹೊತ್ತಿಗೆ ಹೆಸರಾದ 'ಕಬ್ಬನ್ ರೀಡ್ಸ್' ಎಂಬ ಈ ಕೂಟದಲ್ಲಿ ಶನಿವಾರ ಬೆಳಗ್ಗೆ ಜನ ತಂತಮ್ಮ ಪುಸ್ತಕ, ಚಾಪೆ ಹಿಡಿದು ಬಂದು ಮರದ ನೆರಳಲ್ಲಿ ಮೌನವಾಗಿ ಓದುತ್ತಾರೆ. ಅತಿಥಿಗಳಿಲ್ಲ, ಶುಲ್ಕವಿಲ್ಲ, ಭಾಷಣವಿಲ್ಲ. ಇದೇ ಮಾದರಿ ಬೇರೆ ನಗರಗಳಿಗೂ ಹಬ್ಬಿದೆ. ವೇದಿಕೆಯನ್ನೇ ಕಿತ್ತುಹಾಕಿದ ಈ ಬಗೆಯನ್ನು ಮೆಚ್ಚಲೇಬೇಕು. ಆದರೆ ಅದನ್ನು ಹಾಗೆಯೇ ಚಿಕ್ಕ ಊರಿಗೆ ತರಲಾಗದು. ನಮ್ಮ ತಾಲ್ಲೂಕು ಕೇಂದ್ರಗಳ ಉದ್ಯಾನಗಳಲ್ಲಿ ಹೆಣ್ಣುಮಗಳೊಬ್ಬಳು ಪುಸ್ತಕ ಹಿಡಿದು ಮೂರು ಗಂಟೆ ಒಬ್ಬಳೇ ಕೂತರೆ, ಅವಳು ಯಾರ ಮನೆಯವಳು ಎಂದು ಕೇಳುವವರು ಹತ್ತು ಜನ ಸಿಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಕೊರತೆ ಇರುವುದು ಮೌನಕ್ಕಲ್ಲ. ಪುಸ್ತಕದ ಬಗ್ಗೆ ಭಯವಿಲ್ಲದೆ ಆಡುವ ಮಾತಿಗೆ.

ಎಲ್ಲಿ, ಯಾವಾಗ, ಎಷ್ಟು ಜನ

ಮೊದಲ ಪ್ರಶ್ನೆ ಜಾಗದ್ದು. ಯಾರದಾದರೂ ಮನೆಯಲ್ಲಿ ಸೇರಿದರೆ ಆ ಮನೆಯ ಹೆಂಗಸರು ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಾ ಚಹಾ ಕೊಡುವವರಾಗುತ್ತಾರೆಯೇ ವಿನಾ ಓದುಗರಾಗುವುದಿಲ್ಲ. ಮಸೀದಿಗೆ ಸೇರಿದ ಸಭಾಭವನವಾದರೆ ಬೇರೆ ಸಮುದಾಯದವರು ಬರಲು ಹಿಂಜರಿಯುತ್ತಾರೆ, ದೇವಸ್ಥಾನದ ಕಲ್ಯಾಣ ಮಂಟಪವಾದರೆ ನಾವು ಹಿಂಜರಿಯುತ್ತೇವೆ. ಹೋಟೆಲಿನಲ್ಲಿ ಗದ್ದಲ. ಕಾಲೇಜಾದರೆ ಅನುಮತಿ ಪತ್ರ ಬರೆಯಬೇಕು, ಅನುಮತಿ ಕೊಟ್ಟ ಪ್ರಾಂಶುಪಾಲರೇ ಅಧ್ಯಕ್ಷರಾಗಿಬಿಡುತ್ತಾರೆ.

ಉಳಿಯುವುದು ಸಾರ್ವಜನಿಕ ಗ್ರಂಥಾಲಯ. 1965ರ ಕಾನೂನಿನ ಅಡಿಯಲ್ಲಿ ಕಟ್ಟಿದ ವ್ಯವಸ್ಥೆ ಇದು. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಗ್ರಂಥಾಲಯ ಕರ ಇದರ ಆಧಾರ. ಹಳ್ಳಿಗಳಲ್ಲಾದರೆ 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿನ 'ನಿಶ್ಶಬ್ದವಾಗಿರಿ' ಎಂಬ ಫಲಕವನ್ನು ತಿಂಗಳಿಗೊಮ್ಮೆ ಎರಡು ಗಂಟೆ ಹೊತ್ತು ತಿರುಗಿಸಿಡಲು ಕೇಳಿಕೊಳ್ಳುವುದು ಅತಿಯಾದ ಬೇಡಿಕೆಯಲ್ಲ. ಅದು ನಮ್ಮ ಹಣದಲ್ಲಿ ನಡೆಯುವ ಕೋಣೆ, ಅಲ್ಲಿ ಯಾರೂ ಯಾರಿಗೂ ಅತಿಥಿಯಲ್ಲ. ಅದು ಆಗದಿದ್ದರೆ ಭಾನುವಾರ ಖಾಲಿ ಇರುವ ಶಾಲೆಯ ಒಂದು ಕೊಠಡಿ ಸಾಕು. ಬೆಂಚುಗಳನ್ನು ಮಾತ್ರ ದುಂಡಗೆ ಜೋಡಿಸಬೇಕು.

ಎರಡನೆಯದು ಸಮಯ. ಸಂಜೆ ಆರಕ್ಕೆ ಎಂದು ಕರೆದು ಏಳೂವರೆಗೆ ಆರಂಭಿಸುವ ಪದ್ಧತಿಯೇ ಹೆಂಗಸರನ್ನು ಸಾಹಿತ್ಯದಿಂದ ಹೊರಗಿಟ್ಟಿದೆ. ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕೂಮುಕ್ಕಾಲು ಎಂದಿಟ್ಟುಕೊಳ್ಳಿ. ಝುಹರ್ ಮುಗಿದಿರುತ್ತದೆ, ಅಸರ್‌ಗೆ ಹೋಗುವವರು ಹೋಗಬಹುದು. ಮನೆಯಲ್ಲಿ ಊಟದ ಪಾತ್ರೆ ತೊಳೆದಾಗಿರುತ್ತದೆ, ಸಂಜೆಯ ಅಡುಗೆ ಇನ್ನೂ ಆರಂಭವಾಗಿರುವುದಿಲ್ಲ. ಹಳ್ಳಿಯಿಂದ ಬಂದವರಿಗೆ ಕತ್ತಲಾಗುವ ಮುನ್ನ ಬಸ್ಸು ಸಿಗುತ್ತದೆ. ರಮಝಾನಿನಲ್ಲಿ ದಿನ ಬದಲಾಯಿಸಿಕೊಳ್ಳಬಹುದು, ದೀಪಾವಳಿಗೂ ಹಾಗೆಯೇ. ಸಮಯವನ್ನು ಗೊತ್ತುಮಾಡುವಾಗ ಯಾರ ಅನುಕೂಲವನ್ನು ಮೊದಲು ನೋಡಿದಿರಿ ಎಂಬುದರಲ್ಲೇ ಕೂಟ ಯಾರದೆಂಬುದು ತೀರ್ಮಾನವಾಗುತ್ತದೆ.

ಮೂರನೆಯದು ಸಂಖ್ಯೆ. ಹನ್ನೆರಡು ಜನ ಸಾಕು. ಒಂದೂವರೆ ಗಂಟೆಯನ್ನು ಹನ್ನೆರಡರಿಂದ ಭಾಗಿಸಿದರೆ ಒಬ್ಬರಿಗೆ ಏಳೂವರೆ ನಿಮಿಷ. ಐವತ್ತು ಜನರಾದರೆ ಎರಡು ನಿಮಿಷವೂ ಸಿಗದು. ಆಗ ಐದು ಜನ ಮಾತಾಡಿ ನಲವತ್ತೈದು ಜನ ಕೇಳುತ್ತಾರೆ, ವೇದಿಕೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಹನ್ನೆರಡು ಜನರನ್ನು ಕರೆಯುವಾಗಲೂ ಒಂದು ಉಪಾಯ ಬೇಕು. ಆರು ಜನರನ್ನು ಕರೆದು, ಪ್ರತಿಯೊಬ್ಬರೂ ತಮ್ಮ ಜಾತಿ ಧರ್ಮಕ್ಕೆ ಸೇರದ ಒಬ್ಬರನ್ನು ಕರೆತರಬೇಕೆಂದು ಕೇಳಿ. ಅಂಥ ಒಬ್ಬರೂ ಸಿಗದಿದ್ದರೆ, ನಾವೆಂಥ ಊರಿನಲ್ಲಿ ಬದುಕುತ್ತಿದ್ದೇವೆ ಎಂಬುದು ಕತೆ ಓದುವ ಮುನ್ನವೇ ತಿಳಿಯುತ್ತದೆ.

ಏನು ಓದುವುದು, ಹೇಗೆ ಓದುವುದು

ಕಾದಂಬರಿಯಿಂದ ಆರಂಭಿಸಬಾರದು. ಅರ್ಧ ಓದಿದವರು ನಾಚಿಕೆಯಿಂದ ಬರುವುದೇ ಇಲ್ಲ. ಹತ್ತು ಹನ್ನೆರಡು ಪುಟದ ಒಂದು ಕತೆ ಸಾಕು. ಇಡೀ ಸಂಕಲನವನ್ನು ನಕಲು ಮಾಡಿ ಹಂಚುವುದು ಬರೆದವರ ಅನ್ನಕ್ಕೆ ಕೈ ಹಾಕಿದಂತೆ. ಅದರ ಬದಲು ತಿಂಗಳಿಗೆ ತಲಾ ಐವತ್ತು ರೂಪಾಯಿ ಹಾಕಿದರೆ ಹನ್ನೆರಡು ಜನರಿಂದ ಆರುನೂರು ರೂಪಾಯಿ ಆಗುತ್ತದೆ. ಇನ್ನೂರು ರೂಪಾಯಿಯ ಪುಸ್ತಕದ ಮೂರು ಪ್ರತಿ ಕೊಳ್ಳಬಹುದು. ಒಂದು ಪ್ರತಿ ನಾಲ್ಕು ಜನರ ಕೈಯಲ್ಲಿ ವಾರಕ್ಕೊಬ್ಬರಂತೆ ತಿರುಗಿದರೆ ತಿಂಗಳೊಳಗೆ ಎಲ್ಲರ ಓದೂ ಮುಗಿಯುತ್ತದೆ. ವರ್ಷದ ಕೊನೆಗೆ ಗ್ರಂಥಾಲಯಕ್ಕೆ ಕೊಡಲು ಮೂವತ್ತಾರು ಪುಸ್ತಕ ಇರುತ್ತವೆ.

ಭಾಷೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ಉರ್ದು ಲಿಪಿ ಗೊತ್ತು, ಕನ್ನಡ ಗೊತ್ತಿಲ್ಲ. ಮಗಳು ಕನ್ನಡ ಶಾಲೆಯಲ್ಲಿ ಕಲಿತವಳು, ಉರ್ದು ಆಡುತ್ತಾಳೆಯೇ ಹೊರತು ಓದಲಾರಳು. ಎರಡೂ ಶಾಲೆಗಳ ಬೆಂಚಿನಲ್ಲಿ ಕೂತ ನನ್ನಂಥವರಿಗೆ ಈ ಗೋಡೆ ಚೆನ್ನಾಗಿ ಗೊತ್ತು. ಒಂದೇ ಸೂರಿನಡಿ ಇರುವ ಇಬ್ಬರು ಓದುಗರು ಜೀವಮಾನದಲ್ಲಿ ಒಂದೇ ಒಂದು ಕತೆಯನ್ನೂ ಒಟ್ಟಿಗೆ ಓದಿರುವುದಿಲ್ಲ. ಪರಿಹಾರ ಹಳೆಯದೇ ಇದೆ. ಕನ್ನಡದ ಊರುಗಳಲ್ಲಿ ಜಗಲಿಯ ಮೇಲೆ ಕುಮಾರವ್ಯಾಸನನ್ನೋ ಜೈಮಿನಿಯನ್ನೋ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಉರ್ದುವಿನಲ್ಲಿ ದಾಸ್ತಾನ್ ಹೇಳುವವರ ಸುತ್ತ ಅಕ್ಷರ ಬಲ್ಲವರೂ ಬಾರದವರೂ ಕೂಡುತ್ತಿದ್ದರು. ಕಿವಿಯಿಂದ ಕೇಳಿದ್ದನ್ನು ಓದು ಅಲ್ಲವೆಂದು ನಮ್ಮ ಹಿರಿಯರು ಎಂದೂ ತಿಳಿದಿರಲಿಲ್ಲ. ಆದ್ದರಿಂದ ಮೊದಲ ಅರ್ಧ ಗಂಟೆ ಯಾರಾದರೂ ಕತೆಯನ್ನೋ ಅದರ ಮುಖ್ಯ ಭಾಗವನ್ನೋ ಗಟ್ಟಿಯಾಗಿ ಓದಲಿ, ಬೇಕಾದ ಕಡೆ ಇನ್ನೊಬ್ಬರು ಉರ್ದುವಿನಲ್ಲೋ ಬ್ಯಾರಿಯಲ್ಲೋ ತುಳುವಿನಲ್ಲೋ ಹೇಳಲಿ. ಒಂದು ತಿಂಗಳು ಸಾರಾ ಅಬೂಬಕ್ಕರ್, ಮುಂದಿನ ತಿಂಗಳು ಕನ್ನಡಕ್ಕೆ ಬಂದ ಮಂಟೋ, ಅದರ ಮುಂದಿನ ತಿಂಗಳು ದೇವನೂರ ಮಹಾದೇವ, ಆಮೇಲೆ ಬೊಳುವಾರು ಮಹಮದ್ ಕುಂಞಿ, ವೈದೇಹಿ. ಹೀಗೆ ಓದುತ್ತ ಹೋದರೆ ಯಾರೊಬ್ಬರ ಮನೆಯ ದೋಷವೂ ಎಂದೆಂದಿಗೂ ಚರ್ಚೆಯ ಕೇಂದ್ರವಾಗಿ ಉಳಿಯುವುದಿಲ್ಲ. ಎಲ್ಲರ ಸರದಿಯೂ ಬರುತ್ತದೆ. ಮುಸ್ಲಿಮ್ ಮನೆಯ ಕತೆಯನ್ನು ಮಾತ್ರ ಓದಿ 'ಪಾಪ' ಎನ್ನುವ ಅನುಕಂಪಕ್ಕೂ, ನಮ್ಮನ್ನೇ ಯಾಕೆ ಗುರಿಯಾಗಿಸುತ್ತೀರಿ ಎಂಬ ಸಿಟ್ಟಿಗೂ ಇದೇ ಮದ್ದು.

ಇನ್ನು ನಿಯಮಗಳು. ಹಲ್ಕಾದಲ್ಲಿ ಲೇಖಕ ಸುಮ್ಮನಿರಬೇಕಿತ್ತು. ಓದುಗರ ಕೂಟಕ್ಕೆ ಮೊದಲ ಆರು ತಿಂಗಳು ಲೇಖಕರನ್ನು ಕರೆಯದಿರುವುದೇ ಒಳ್ಳೆಯದು. ಅವರೆದುರು ಯಾರೂ ನಿಜ ಹೇಳುವುದಿಲ್ಲ, ಹೇಳಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಏನೇ ಅಭಿಪ್ರಾಯ ಹೇಳಿದರೂ ಪುಸ್ತಕದ ಪುಟ ತೋರಿಸಿ ಹೇಳಬೇಕು. 'ಈ ಲೇಖಕಿ ಇಂಥವರು' ಎಂಬ ಮಾತು ಅಲ್ಲಿ ನಡೆಯದು, 'ಈ ಪುಟದಲ್ಲಿ ಹೀಗಿದೆ' ಎಂಬ ಮಾತು ಮಾತ್ರ ನಡೆಯುತ್ತದೆ. ಮೊದಲು ಮಾತಾಡುವವರು ಹೆಂಗಸರು ಅಥವಾ ಅತಿ ಕಿರಿಯರು ಆಗಿರಲಿ, ಮೇಷ್ಟ್ರುಗಳ ಸರದಿ ಕೊನೆಗೆ. ಮೇಷ್ಟ್ರು ಮೊದಲು ಮಾತಾಡಿದರೆ ಉಳಿದವರದ್ದು ಬರೀ ಹೌದು ಹೌದು ಎನ್ನುವ ಕೆಲಸ. ಫ್ಲೆಕ್ಸ್ ಬೇಡ, ಫೋಟೋ ಬೇಡ. ಫೋಟೋ ತೆಗೆಯಲಾಗುತ್ತಿದೆ ಎಂದು ಗೊತ್ತಾದ ಕೂಡಲೇ ಮನುಷ್ಯ ವೇದಿಕೆಯ ಮನುಷ್ಯನಾಗುತ್ತಾನೆ. ಅಲ್ಲದೆ, ಅಲ್ಲಿ ಕೂತ ಯಾವುದೋ ಹುಡುಗಿಯ ಚಿತ್ರ ಸಂಜೆಯ ಹೊತ್ತಿಗೆ ಊರಿನ ಎಲ್ಲ ಮೊಬೈಲುಗಳಲ್ಲಿ ತಿರುಗಿದರೆ ಮುಂದಿನ ತಿಂಗಳು ಆಕೆ ಬರುವುದಿಲ್ಲ. ಬದಲಿಗೆ ಒಂದು ನೋಟ್‌ಪುಸ್ತಕ ಇರಲಿ. ಆಡಿದ ಮಾತುಗಳ ಒಂದು ಪುಟದ ವರದಿಯನ್ನು ಒಬ್ಬರು ಬರೆದು ಮುಂದಿನ ಸಲ ಓದಲಿ. ಚಹಾದ ಖರ್ಚು ಸರದಿಯಂತೆ ಒಬ್ಬೊಬ್ಬರದು. ಚಹಾ ಹಂಚುವುದು ಮಾತ್ರ ಗಂಡಸರ ಕೆಲಸ.

ಯಾರೂ ಬರದಿದ್ದರೆ?

ಇದಕ್ಕೆ ಬರುವ ಆಕ್ಷೇಪವನ್ನು ಊಹಿಸಬಲ್ಲೆ. ದೊಡ್ಡ ಹೆಸರಿಲ್ಲದೆ, ಊಟವಿಲ್ಲದೆ, ಪತ್ರಿಕೆಯಲ್ಲಿ ಸುದ್ದಿಯಾಗದೆ ಜನ ಯಾಕೆ ಬರುತ್ತಾರೆ? ನಮ್ಮ ಜನ ಎಲ್ಲಿ ಓದುತ್ತಾರೆ?

ಇದಕ್ಕೆ ಉತ್ತರವಾಗಿ ಮೈಸೂರಿನ ರಾಜೀವನಗರವನ್ನು ನೆನಪಿಸಿಕೊಳ್ಳಬೇಕು. ಶಾಲೆಗೆ ಹೋಗುವ ಅವಕಾಶ ಸಿಗದ, ಕೂಲಿ ಮಾಡಿ ಬದುಕುವ ಒಬ್ಬ ಮುಸ್ಲಿಮ್ ವ್ಯಕ್ತಿ ತಗಡಿನ ಸೂರಿನಡಿ ಒಂದು ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದರು. ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಬಹುಪಾಲು ಕನ್ನಡದವು. ದಿನಪತ್ರಿಕೆಗಳನ್ನೂ ತರಿಸುತ್ತಿದ್ದರು. ಬೀದಿಯ ಜನ ಬಂದು ಓದಿ ಹೋಗುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ತಿಳಿದು ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ಜನ ಹಣ, ಪುಸ್ತಕ ಕಳುಹಿಸಿದರು. ಆ ಮನುಷ್ಯ ಮತ್ತೆ ಗ್ರಂಥಾಲಯ ಕಟ್ಟಲು ಹೊರಟರು. ಬೆಂಕಿಯ ಸುದ್ದಿಯನ್ನು ನಾವೆಲ್ಲ ಓದಿದೆವು. ಆದರೆ ಅದಕ್ಕೂ ಮೊದಲಿನ ಹತ್ತು ವರ್ಷ ಆ ಸೂರಿನಡಿ ದಿನವೂ ಜನ ಬರುತ್ತಿದ್ದರು ಎಂಬುದು ನನಗೆ ಅದಕ್ಕಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ. ಅಲ್ಲಿ ಯಾವ ಅಧ್ಯಕ್ಷತೆಯೂ ಇರಲಿಲ್ಲ. ನಮ್ಮ ಜನ ಓದುವುದಿಲ್ಲ ಎಂಬ ಮಾತನ್ನು ಹೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲಿಂದ ನೋಡಿದವರು.

ಹೀಗೆಂದು ಎಲ್ಲವೂ ಸಲೀಸಾಗಿ ನಡೆಯುತ್ತದೆ ಎಂದೇನೂ ಅಲ್ಲ. ಎರಡನೇ ತಿಂಗಳಿಗೆ ಹನ್ನೆರಡು ಜನ ಎಂಟಾಗುತ್ತಾರೆ. ಮೂರನೇ ತಿಂಗಳು ಯಾರೋ ಒಬ್ಬರು ಒಂದು ಕತೆಯ ಬಗ್ಗೆ ನೊಂದು ಎದ್ದು ಹೋಗಬಹುದು. ಅವರ ಮನೆಗೆ ಹೋಗಿ ಕರೆಯುವ ಕೆಲಸವೂ ಸಂಘಟಕರದೇ. ಒಮ್ಮತ ಮೂಡಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಇವತ್ತು ನಮ್ಮ ಊರುಗಳಲ್ಲಿ ಬೇರೆ ಬೇರೆ ಬೀದಿಯವರು ಒಂದೆಡೆ ಕೂತು ಜಗಳವಾಡುವುದೂ ಕಡಿಮೆಯಾಗಿದೆ. ಮಕ್ಕಳ ಶಾಲೆ ಬೇರೆಯಾಯಿತು, ಬಾಡಿಗೆ ಮನೆ ಬೇರೆಯಾಯಿತು, ಅಂಗಡಿಯೂ ಬೇರೆಯಾಗಬೇಕೆನ್ನುವ ಮಾತು ಕೇಳಿದ್ದಾಯಿತು. ಜಗಳವಾಡಲಾದರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಬೇಕಲ್ಲ. ಕತೆಯ ಪಾತ್ರವೊಂದನ್ನು ನಡುವೆ ಇಟ್ಟುಕೊಂಡು ಆಡುವ ಜಗಳದಲ್ಲಿ ಯಾರ ತಲೆಯೂ ಒಡೆಯುವುದಿಲ್ಲ.

ಸಮ್ಮೇಳನಗಳು ನಡೆಯಲಿ. ಅಲ್ಲಿನ ಪುಸ್ತಕ ಮಳಿಗೆಗಳಲ್ಲಿ ನಾವು ಕೊಳ್ಳೋಣ, ನಮ್ಮವರಿಗೆ ಸಿಕ್ಕ ಗೌರವಕ್ಕೆ ಸಂತೋಷಪಡೋಣ, ಸಿಗದಿದ್ದಾಗ ಪ್ರಶ್ನಿಸೋಣ. ಆದರೆ ಕೊಂಡು ತಂದ ಪುಸ್ತಕವನ್ನು ಬಿಚ್ಚಿ ಕೂರಲು ಒಂದು ಕೋಣೆ, ಹನ್ನೆರಡು ಕುರ್ಚಿ, ಒಂದೂಮುಕ್ಕಾಲು ಗಂಟೆ ಬೇಕು. ಅದಕ್ಕೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕಾಗಿಲ್ಲ. 'ಬರುವ ಭಾನುವಾರ ಮೂರು ಗಂಟೆಗೆ ಗ್ರಂಥಾಲಯದಲ್ಲಿ ಈ ಕತೆಯ ಬಗ್ಗೆ ಮಾತಾಡುತ್ತೇವೆ. ಓದಿ ಬನ್ನಿ. ಓದಲಾಗದಿದ್ದರೆ ಕೇಳಲು ಬನ್ನಿ. ಮನೆಯಿಂದ ಇನ್ನೊಬ್ಬರನ್ನು ಕರೆತನ್ನಿ' ಎಂದು ಒಂದು ಚೀಟಿ ಬರೆದು ಕೊಟ್ಟರೆ ಸಾಕು. ಯಾರಾದರೂ ಆ ಚೀಟಿಯನ್ನು ಓದಿ, 'ಅಧ್ಯಕ್ಷತೆ ಯಾರದು?' ಎಂದು ಕೇಳಿದರೆ, ಕತೆಯದು ಎಂದು ಹೇಳಿ.